ಬಚ್ಚಲೊಲೆಯ ಕೆಂಡ

ಇಪ್ಪತ್ತೇಳು ವರ್ಷ ನಾನು ಒಂದೇ ಪ್ರಬಂಧ ಬರೆಸಿದ್ದೇನೆ. ದಸರಾ ರಜೆ ಮುಗಿದ ಮೊದಲ ವಾರ, ಏಳನೇ ಕ್ಲಾಸಿನ ಮಕ್ಕಳಿಗೆ, ‘ಪರಿಸರ ಮಾಲಿನ್ಯ’. ಪೀಠಿಕೆ, ವಿಧಗಳು, ಕಾರಣಗಳು, ಪರಿಣಾಮಗಳು, ಉಪಸಂಹಾರ. ನಾನು ಹೇಳುತ್ತಾ ಹೋಗುವುದು, ಅವರು ತಲೆ ಬಗ್ಗಿಸಿ ಬರೆಯುತ್ತಾ ಹೋಗುವುದು. ಕಾರಣಗಳ ಜಾಗಕ್ಕೆ ಬಂದಾಗ ಕಿಟಕಿಯ ಆಚೆಗೆ ಕೈ ತೋರಿಸುವುದು ನನ್ನ ಅಭ್ಯಾಸ. ಕಾರ್ಖಾನೆ ಅಂದಾಗ ಪೀಣ್ಯದ ಕಡೆಗೆ, ವಾಹನ ಅಂದಾಗ ಹೆಸರಘಟ್ಟ ರಸ್ತೆಯ ಕಡೆಗೆ, ಕಸ ಸುಡುವುದು ಅಂದಾಗ ಸ್ಕೂಲಿನ ಹಿಂದಿದ್ದ ಖಾಲಿ ಸೈಟಿನ ಕಡೆಗೆ. ಅಷ್ಟು ವರ್ಷದಲ್ಲಿ ಒಂದು ಸಲವೂ ನನ್ನ ಬೆರಳು ಕಿಟಕಿಯ ಈಚೆಗೆ ತಿರುಗಿದ್ದಿಲ್ಲ.

ನಾನು ಮಹಾ ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ದನಿ ಕೇಳಿದವರು ಬೇರೆಯೇ ತಿಳಿದುಕೊಂಡಿರುತ್ತಾರೆ. ಹೆದರಿದಷ್ಟೂ ಜೋರಾಗಿ ಮಾತಾಡುವವರಲ್ಲಿ ನಾನೊಬ್ಬಳು. ಇನ್ಸ್‌ಪೆಕ್ಟರು ಸ್ಕೂಲಿಗೆ ಬಂದ ದಿನ ನನ್ನ ಪಾಠ ಮೂರನೇ ಮನೆಗೆ ಕೇಳಿಸುತ್ತಿತ್ತಂತೆ. ಈಗ ಬರೆಯಹೊರಟಿರುವ ಚಳಿಗಾಲದಲ್ಲಿ ನಾನು ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದೇನೆ.

ನಾನು ಆಗಲೇ ರಿಟೈರ್ ಆಗಿದ್ದೆ. ಆ ಚಳಿಗಾಲ ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳ ಗಂಡನ ಮನೆ ವಿದ್ಯಾರಣ್ಯಪುರ, ನಮ್ಮದು ಬಾಗಲಗುಂಟೆ. ದೂರವೇನಲ್ಲ, ಆದರೂ ಚೊಚ್ಚಲ ಹೆರಿಗೆ ತವರಿನ ಹಕ್ಕು. ಮಗು ದಿನ ತುಂಬುವುದಕ್ಕೆ ಮೂರು ವಾರ ಇರುವಾಗಲೇ ಹುಟ್ಟಿತು. ಹೆಣ್ಣು. ಆಸ್ಪತ್ರೆಯಿಂದ ಮನೆಗೆ ತಂದಾಗ ಮಡಿಸಿದ ಟವೆಲಿನಷ್ಟು ಹಗುರವಾಗಿತ್ತು.

ನಮ್ಮ ಮನೆಯ ಹಿಂಬದಿಯಲ್ಲಿ ಹಳೇ ಕಾಲದ ಬಚ್ಚಲಿದೆ. ತಾಮ್ರದ ಹಂಡೆ, ಕೆಳಗೆ ಒಲೆ, ಹೊಗೆ ಹೋಗಲು ಒಂದು ಕೊಳವೆ. ಮನೆ ಕಟ್ಟಿಸುವಾಗ ಮೇಸ್ತ್ರಿ, “ಇದೆಲ್ಲ ಯಾಕೆ ಮೇಡಂ, ಗೀಸರ್ ಹಾಕ್ಸಿ” ಅಂದಿದ್ದ. ಗೀಸರೂ ಹಾಕಿಸಿದೆ, ಒಲೆಯ ಮೇಲೆ ಹಂಡೆಯನ್ನೂ ಹೂಳಿಸಿದೆ. ಗೀಸರಿನ ನೀರಿಗೆ ಬಿಸಿ ಇರುತ್ತದೆ, ಕಾವು ಇರುವುದಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಬಾಣಂತಿಯ ಸೊಂಟಕ್ಕೂ ಹಸುಗೂಸಿನ ಮೈಗೂ ಬೇಕಾದ್ದು ಕಾವು.

ಮಗುವಿಗೆ ಎರೆಯಲು ಬೆಳಿಗ್ಗೆ ಏಳೂವರೆಗೆ ಒಬ್ಬ ಅಜ್ಜಿ ಬರುತ್ತಿದ್ದಳು. ಬಾಗಲಗುಂಟೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇದ್ದವಳು. ಈ ಬೀದಿಯ ಅರ್ಧ ಜನರನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದ ಕೈ ಅದು. ನನ್ನ ಮಗಳಿಗೂ ಅವಳೇ ಎರೆದಿದ್ದು. ಎಣ್ಣೆ ತಿಕ್ಕಿ, ನೀರು ಹುಯ್ದು, ಮಗುವನ್ನು ಹಳೇ ಪಂಚೆಯಲ್ಲಿ ಸುತ್ತಿದ ಮೇಲೆ ಹೊಗೆಯ ಸರದಿ. ಬಚ್ಚಲೊಲೆಯಿಂದ ಕೆಂಡ ತೆಗೆದು ಅಗ್ಗಿಷ್ಟಿಕೆಗೆ ಹಾಕಿ, ಮೇಲೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಒಂದು ಚಿಟಿಕೆ ಓಂಕಾಳು. ಅದರ ಮೇಲೊಂದು ಬಿದಿರ ಬುಟ್ಟಿ ಬೋರಲು. ಮೊದಲು ಮಗುವಿನ ನೆತ್ತಿಗೆ ಹೊಗೆ ಹಿಡಿಯುವುದು, ಆಮೇಲೆ ಬಾಣಂತಿ ಬುಟ್ಟಿಯ ಮೇಲೆ ಕೂದಲು ಹರಡಿಕೊಂಡು ಮಲಗುವುದು. ಗಾಳಿ ಸೋಕಬಾರದೆಂದು ಕೋಣೆಯ ಬಾಗಿಲು ಕಿಟಕಿ ಎಲ್ಲ ಮುಚ್ಚಿರುತ್ತದೆ. ನಾನು ಹುಟ್ಟಿದಾಗಲೂ ಹೀಗೇ, ನನ್ನ ಮಗಳು ಹುಟ್ಟಿದಾಗಲೂ ಹೀಗೇ.

ಒಂದೇ ಒಂದು ಬದಲಾವಣೆ ಆಗಿತ್ತು, ಅದು ಸೌದೆ. ಮೊದಲೆಲ್ಲ ಸಾಮಿಲ್ಲಿನಿಂದ ಸರ್ವೆ ಸೌದೆ ತರಿಸುತ್ತಿದ್ದೆವು. ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಸೌದೆಗೆ ಎಲ್ಲಿಗೆ ಹೋಗುವುದು? ನಮ್ಮ ಯಜಮಾನರು ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು, ಮಾತು ಕಡಿಮೆ. ಅವರ ಪರಿಚಯದ ಒಂದು ಗೋಡೌನಿನ ಹಿಂದೆ ಮಷೀನು ಬಂದ ಪೆಟ್ಟಿಗೆಗಳನ್ನು ಒಡೆದು ರಾಶಿ ಹಾಕುತ್ತಿದ್ದರಂತೆ. ಮೊಪೆಡ್ಡಿನ ಹಿಂದೆ ಎರಡು ಚೀಲ ಕಟ್ಟಿಕೊಂಡು ಬಂದರು. ಪ್ಲೈವುಡ್ ತುಂಡು, ಹಸಿರು ಬಣ್ಣ ಬಳಿದ ಹಲಗೆ, ಎಂಥದೋ ಮುದ್ರೆ ಒತ್ತಿದ ಪಟ್ಟಿಗಳು. ಚೆನ್ನಾಗಿ ಒಣಗಿತ್ತು. ಒಂದು ಕಡ್ಡಿ ಗೀರಿದರೆ ಭಗ್ಗನೆ ಹತ್ತಿಕೊಳ್ಳುತ್ತಿತ್ತು. ನನಗಂತೂ ಬಹಳ ಹಿಡಿಸಿತು.

ಅಜ್ಜಿಗೆ ಹಿಡಿಸಲಿಲ್ಲ. ಎರಡನೇ ದಿನವೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, “ಮೇಷ್ಟ್ರಮ್ಮ, ಈ ಸೌದೆ ಸರಿಗಿಲ್ಲ ಕಣಮ್ಮ. ಉರಿ ನೋಡು, ಅಸ್ರುಗೈತೆ. ಉರಿ ಎಲ್ಲಾರ ಅಸ್ರುಗಿರ್ತದಾ?” ಅಂದಳು.

“ಬಣ್ಣ ಹಚ್ಚಿದ್ದಾರಲ್ಲ ಅಜ್ಜಿ, ಅದಕ್ಕೆ. ಬಣ್ಣ ಸುಟ್ಟುಹೋದ ಮೇಲೆ ಕೆಂಡ ಕೆಂಡವೇ ತಾನೆ?” ಅಂದೆ.

“ಕೆಂಡಾನೂ ನಾತ ಒಡೀತೈತೆ.”

“ನಿಂಗೆ ಮೂಗು ಬೇರೆ ಚುರುಕಾಗಿದೆಯಾ ಈ ವಯಸ್ಸಲ್ಲಿ” ಎಂದು ನಕ್ಕುಬಿಟ್ಟೆ. ಓದು ಬರಹ ಬರದವಳು ಹೇಳಿದ್ದು, ಏಳನೇ ಕ್ಲಾಸಿಗೆ ಪಾಠ ಮಾಡಿದವಳ ಕಿವಿಗೆ ಇಳಿಯಲಿಲ್ಲ.

ಮೂರನೇ ವಾರ ಮಗುವಿಗೆ ಕೆಮ್ಮು ಶುರುವಾಯಿತು. ಅಷ್ಟು ಪುಟ್ಟ ಜೀವ ಕೆಮ್ಮುವುದನ್ನು ನೀವು ಕೇಳಿದ್ದೀರೋ ಇಲ್ಲವೋ. ಮೊದಲು ಬಾಯಿ ತೆರೆಯುತ್ತದೆ, ಸದ್ದೇ ಬರುವುದಿಲ್ಲ. ಮುಖ ಕೆಂಪಾಗುತ್ತದೆ. ಆಮೇಲೆ ಒಳಗಿನಿಂದ ಏನೋ ಹರಿದಂತೆ ಸಣ್ಣಗೆ ಒಂದು ಸದ್ದು. ಆ ಎರಡರ ನಡುವೆ ನನ್ನ ಎದೆ ನಿಂತುಬಿಡುತ್ತಿತ್ತು. ಎರಡು ದಿನದಲ್ಲಿ ಉಸಿರು ಜೋರಾಯಿತು. ಬಟ್ಟೆ ಸರಿಸಿ ನೋಡಿದರೆ ಪಕ್ಕೆಗಳ ನಡುವಿನ ಚರ್ಮ ಪ್ರತಿ ಉಸಿರಿಗೂ ಒಳಗೆ ಸೆಳೆದುಕೊಳ್ಳುತ್ತಿತ್ತು. ಮಗಳು ನನ್ನ ಮುಖ ನೋಡಿದಳು. ನಾನು ಜೋರಾಗಿ, “ಏನಿಲ್ಲ, ಶೀತ” ಅಂದೆ.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬೇಗ ಹುಟ್ಟಿದ ಮಗು, ಶ್ವಾಸಕೋಶ ಇನ್ನೂ ಎಳಸು, ಜೋಪಾನ ಅಂದರು. ಆಮೇಲೆ ಫೈಲು ಎಳೆದುಕೊಂಡು ಕೇಳಿದರು:

“ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ?”

“ಛೆ, ಇಲ್ಲ.”

“ಅಡುಗೆ ಸೌದೆ ಒಲೇಲಾ?”

“ಗ್ಯಾಸು ಡಾಕ್ಟ್ರೇ. ಮೂವತ್ತು ವರ್ಷದಿಂದ ಗ್ಯಾಸು.”

“ಮನೆ ಸುತ್ತಮುತ್ತ ಹೊಗೆ, ಧೂಳು?”

ಅಲ್ಲಿಂದ ಹತ್ತು ನಿಮಿಷ ನಾನೇ ಮಾತಾಡಿದೆ. ಫ್ಯಾಕ್ಟರಿಗಳ ಹೊಗೆ, ಪೈಪಿಗಾಗಿ ಅಗೆದು ಹಾಗೇ ಬಿಟ್ಟ ರಸ್ತೆ, ಸಿಮೆಂಟಿನ ಲಾರಿ, ಮೂಲೆಯಲ್ಲಿ ಎಲೆಯ ಜೊತೆ ಪ್ಲಾಸ್ಟಿಕ್ಕನ್ನೂ ಸುಡುವವರು, ಎದುರಿನ ಗ್ರಿಲ್ ಅಂಗಡಿಯ ಸ್ಪ್ರೇ ಪೇಂಟು. ಡಾಕ್ಟರು ಬರೆದುಕೊಂಡರು. ಮಗುವನ್ನು ಹೊಗೆಯಿಂದ ದೂರ ಇಡಿ ಅಂದರು. ನಾನು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಬಚ್ಚಲೊಲೆ ನನ್ನ ನೆನಪಿಗೇ ಬರಲಿಲ್ಲ. ಅದು ನನ್ನ ಲೆಕ್ಕದಲ್ಲಿ ಹೊಗೆ ಆಗಿರಲಿಲ್ಲ, ಆರೈಕೆ ಆಗಿತ್ತು.

ಮನೆಗೆ ಬಂದವಳೇ ಕಿಟಕಿಗಳ ಸಂದಿಗೆಲ್ಲ ಪಾರ್ಸೆಲ್ಲಿಗೆ ಹಚ್ಚುವ ಕಂದು ಟೇಪು ಅಂಟಿಸಿದೆ. ಬಾಗಿಲ ಕೆಳಗೆ ಒದ್ದೆ ಟವೆಲು. ವೆಂಟಿಲೇಟರಿಗೆ ಹಳೇ ಸೀರೆಯ ತುಂಡು ತುರುಕಿದೆ. ಯಜಮಾನರು ಏಣಿ ಹಿಡಿದುಕೊಂಡು ನಿಂತಿದ್ದರು. “ಇಷ್ಟು ಮುಚ್ಚಿದ್ರೆ ಒಳಗಿರೋರಿಗೆ ಗಾಳಿ?” ಎಂದು ಒಂದು ಸಲ ಕೇಳಿದರು. “ಹೊರಗಿರೋದು ಗಾಳಿ ಅಲ್ಲ, ವಿಷ” ಅಂದೆ. ಅವರು ಏಣಿ ಮಡಿಸಿಟ್ಟರು.

ಸಿರಪ್ಪು, ಡ್ರಾಪ್ಸಿಗೆ ನಾಲ್ಕು ದಿನ ಕಡಿಮೆಯಾದಂತೆ ಕಂಡಿತು. ಡಾಕ್ಟರು ಹೇಳಿದ್ದಕ್ಕೆ ಆ ನಾಲ್ಕು ದಿನ ಎರೆದಿರಲಿಲ್ಲ, ಬರೀ ಮೈ ಒರೆಸಿದ್ದೆವು. ಐದನೇ ದಿನ ಮತ್ತೆ ಎರೆದೆವು, ಮತ್ತೆ ಕೆಮ್ಮು. ಆಗಲಾದರೂ ಹೊಳೆಯಬೇಡವೇ? ಭಯ ಹಿಡಿದವಳಿಗೆ ಕಣ್ಣೆಲ್ಲ ಆಚೆಗೇ ಇರುತ್ತದೆ. ನಾನು ಕೈಯಲ್ಲಿ ಗಡಿಯಾರ ಹಿಡಿದು ಮಗುವಿನ ಉಸಿರು ಎಣಿಸುತ್ತಿದ್ದೆ. ಅನ್ನಕ್ಕಿಟ್ಟು ಬಂದು ಎಣಿಸುವುದು, ಬಟ್ಟೆ ಒಣಹಾಕಿ ಬಂದು ಎಣಿಸುವುದು. ಎಣಿಕೆ ತಪ್ಪಿದರೆ, ಉಸಿರು ತಪ್ಪಿತೋ ನನ್ನ ಲೆಕ್ಕ ತಪ್ಪಿತೋ ಗೊತ್ತಾಗದೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಆ ಮಗು ನಮ್ಮ ಮನೆಯಲ್ಲಿ, ನನ್ನ ಕೈಯಲ್ಲಿ ಹೋಗಿಬಿಟ್ಟರೆ ವಿದ್ಯಾರಣ್ಯಪುರಕ್ಕೆ ಏನೆಂದು ಹೇಳಲಿ, ಮಗಳಿಗೆ ಏನೆಂದು ಹೇಳಲಿ ಎನ್ನುವ ಯೋಚನೆ ಒಂದು ಗಳಿಗೆಯೂ ಬಿಡುತ್ತಿರಲಿಲ್ಲ.

ಭಯಕ್ಕೆ ಒಬ್ಬ ಅಪರಾಧಿ ಬೇಕು. ಫ್ಯಾಕ್ಟರಿಗಳನ್ನು ಬೈದರೆ ಅವಕ್ಕೆ ಕೇಳಿಸುವುದಿಲ್ಲ. ಹೆಸರಘಟ್ಟ ರಸ್ತೆಯ ಲಾರಿಗಳನ್ನು ನಿಲ್ಲಿಸಿ ಕೇಳಲು ಆಗುವುದಿಲ್ಲ. ಕೈಗೆ ಸಿಕ್ಕುವಷ್ಟು ಹತ್ತಿರ ಇದ್ದವನು ಎದುರಿನ ಗ್ರಿಲ್ ಅಂಗಡಿಯವನು. ಕಬ್ಬಿಣದ ಗೇಟು, ಕಿಟಕಿಯ ಸರಳು ಮಾಡಿ, ಬಣ್ಣ ಹೊಡೆದು ಕೊಡುತ್ತಿದ್ದ. ನಲವತ್ತರ ಹತ್ತಿರದ ಮನುಷ್ಯ. ಒಂದು ಕಾಲದಲ್ಲಿ ನನ್ನದೇ ಕ್ಲಾಸಿನಲ್ಲಿ ಕೂತು ಅದೇ ಪ್ರಬಂಧ ಬರೆದುಕೊಂಡಿದ್ದವನು. ಈಗಲೂ ನನ್ನನ್ನು ಕಂಡರೆ ಕೈಯಲ್ಲಿರುವ ಬೀಡಿ ಬಿಸಾಕಿ ಎದ್ದು ನಿಲ್ಲುತ್ತಿದ್ದ.

ನಾನು ರಸ್ತೆ ದಾಟಿ ಹೋಗಿ ಅವನ ಗಿರಾಕಿಗಳ ಮುಂದೆಯೇ ಶುರು ಮಾಡಿದೆ. “ನಿನ್ನ ಪೇಂಟಿನ ಗಾಳಿ ಕುಡಿದು ಕುಡಿದು ನಮ್ಮ ಕೂಸು ಸಾಯೋ ಸ್ಥಿತಿಗೆ ಬಂದಿದೆ. ಗೊತ್ತಾಗಲ್ವೇನೋ ನಿಂಗೆ? ಪಾಠ ಹೇಳಿರಲಿಲ್ವಾ ನಾನು?”

ಅವನು ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದ, “ಮಿಸ್, ನಿಮ್ ಮಗು ಕೆಮ್ಮೋದು ನಂಗೂ ಕೇಳ್ಸುತ್ತೆ. ಬೆಳಿಗ್ಗೆ ಎಂಟು ಎಂಟೂಕಾಲಿಗೆ ಅಂಗಡಿ ಮುಂದೆ ಗುಡಿಸ್ತಿರ್ತೀನಲ್ಲ, ಆಗ. ನಾನ್ ಪೇಂಟ್ ಮುಟ್ಟೋದು ಮಧ್ಯಾಹ್ನ ಮೂರರ ಮೇಲೆ ಮಿಸ್.”

“ನಂಗೆ ಎದುರು ಮಾತಾಡ್ತೀಯ? ಪೇಂಟಿನ ವಾಸನೆ ಗೋಡೆಗೆ ಹಿಡಿದಿರುತ್ತೆ, ಬೆಳಿಗ್ಗೆ ಬಿಡುತ್ತೆ!”

ಇದು ಯಾವ ವಿಜ್ಞಾನವೋ ನನಗೇ ಗೊತ್ತಿಲ್ಲ. ಅವನು, “ಸರಿ ಮಿಸ್, ಒಂದು ತಿಂಗಳು ಪೇಂಟಿಂಗ್ ಬೇರೆ ಕಡೆ ಮಾಡಿಸ್ಕೊತೀನಿ” ಅಂದ. ನನಗೆ ಅದೂ ಸಾಲಲಿಲ್ಲ. ಆವತ್ತೇ ಕೂತು ಎರಡು ಪುಟದ ಅರ್ಜಿ ಬರೆದೆ. ಕೈಬರಹ ಮೊದಲಿನಿಂದಲೂ ಮುತ್ತಿನ ಹಾಗೆ. ಮಾಲಿನ್ಯದ ವಿಧ, ಮಾಲಿನ್ಯದ ಮೂಲ, ಮಾಲಿನ್ಯದಿಂದ ಹಸುಗೂಸಿನ ಮೇಲಾದ ಪರಿಣಾಮ. ಮೂಲದ ಜಾಗದಲ್ಲಿ ಅವನ ಅಂಗಡಿಯ ವಿಳಾಸ. ಬೀದಿಯ ಹದಿಮೂರು ಮನೆಗಳಿಗೆ ನಾನೇ ತಿರುಗಿ ಸಹಿ ಹಾಕಿಸಿಕೊಂಡೆ. ಮೇಷ್ಟ್ರಮ್ಮ ಕೇಳಿದರೆ ಇಲ್ಲ ಅನ್ನುವವರು ಯಾರು? ವಾರ್ಡ್ ಆಫೀಸಿನಲ್ಲಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಆ ದಿನ ಸ್ವಲ್ಪ ಧೈರ್ಯ ಬಂದಿತ್ತು.

ಅದಾಗಿ ಮೂರನೇ ಬೆಳಿಗ್ಗೆ ಎರೆಯುವ ಅಜ್ಜಿ ಕೆಂಡ ಎತ್ತಲು ಒಪ್ಪಲಿಲ್ಲ. ಮಗುವಿಗೆ ನೀರು ಹುಯ್ದು, ಸುತ್ತಿ, ಮಗಳ ಮಡಿಲಿಗೆ ಕೊಟ್ಟವಳೇ ಕೈ ತೊಳೆದುಕೊಂಡಳು. “ನನ್ ಕೈಲಿ ಈ ಕೆಂಡ ಇಕ್ಕಕಾಗಕ್ಕಿಲ್ಲ ಮೇಷ್ಟ್ರಮ್ಮ. ನಂಗೇ ಎದೆ ಇಡ್ಕೊಂತೈತೆ. ಸರ್ವೆ ಸೌದೆ ತರ್ಸು, ಇಲ್ಲ ಇಂಗೇ ಬುಡು, ಒಗೆ ಬ್ಯಾಡ” ಅಂದು ಸೆರಗು ಹೊದ್ದು ಹೊರಟಳು.

ನನಗೆ ಮೈಯೆಲ್ಲ ಉರಿಯಿತು. ವಯಸ್ಸಾಯಿತು, ಕೈಲಾಗುವುದಿಲ್ಲ, ಅದಕ್ಕೆ ಸೌದೆಯ ನೆವ ಎಂದುಕೊಂಡೆ. ನಾನೇ ಒಲೆಯಿಂದ ಕೆಂಡ ತೋಡಿದೆ. ಶೀತಕ್ಕೆ ಒಳ್ಳೆಯದೆಂದು ದಿನಕ್ಕಿಂತ ಒಂದು ಸೌಟು ಹೆಚ್ಚೇ ಹಾಕಿದೆ. ಸಾಂಬ್ರಾಣಿಯನ್ನೂ ಜಾಸ್ತಿ ಉದುರಿಸಿದೆ. ಕಿಟಕಿಗಳ ಟೇಪು ಸರಿಯಾಗಿದೆಯೇ ನೋಡಿ, ಬಾಗಿಲು ಹಾಕಿ, ಒದ್ದೆ ಟವೆಲನ್ನು ಕಾಲಿನಿಂದ ಒತ್ತಿ, ಮಗುವನ್ನು ಎತ್ತಿಕೊಂಡು ಬುಟ್ಟಿಯ ಹತ್ತಿರ ಕೂತೆ. ಹೊಗೆ ಬೆಳ್ಳಗೆ ಎದ್ದು ನೆತ್ತಿ ಸುತ್ತಿಕೊಂಡಿತು. ಸಾಂಬ್ರಾಣಿಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಬಾಚಣಿಗೆ ಸುಟ್ಟಂಥದು. ನನಗೆ ಅದು ಮೂಗಿಗೆ ಬಂತು. ಬಂತು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ. ಆ ಕ್ಷಣ ನಾನು ಅಂದದ್ದು, “ನೋಡು, ಇಷ್ಟು ಮುಚ್ಚಿದ್ರೂ ಆ ಪೇಂಟಿನ ನಾತ ಒಳಗೆ ಬರ್ತಿದೆ.”

ಮಗು ಬಾಯಿ ತೆರೆಯಿತು. ಸದ್ದು ಬರಲಿಲ್ಲ. ನಾನು ಆ ಇನ್ನೊಂದು ಸದ್ದಿಗಾಗಿ, ಹರಿದಂಥ ಕೆಮ್ಮಿಗಾಗಿ ಕಾದೆ. ಅದೂ ಬರಲಿಲ್ಲ. ಮುಖ ಕೆಂಪಾಗುವ ಬದಲು ತುಟಿಯ ಸುತ್ತ ಬೂದಿ ಬಣ್ಣ ಹರಡಿತು, ಆಮೇಲೆ ನೇರಳೆ. ಕೈ ಜೋತುಬಿತ್ತು. ಮಗಳು ಕಿರುಚಿದ್ದು ಕೇಳಿಸಿತು. ಬಾಗಿಲು ತೆಗೆಯಲು ಹೋದರೆ ನಾನೇ ತುರುಕಿದ್ದ ಟವೆಲು ಸಿಕ್ಕಿಹಾಕಿಕೊಂಡು ಬಾಗಿಲು ಬರುತ್ತಿಲ್ಲ. ಆಚೆಯಿಂದ ಯಜಮಾನರು ಒದ್ದರು. ನಾವು ಹೊರಗೆ ಬಂದಾಗ ಮಗಳ ಕಾಲಲ್ಲಿ ಚಪ್ಪಲಿ ಇರಲಿಲ್ಲ, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿಹೋಗಿತ್ತು.

ಬೀದಿಯಲ್ಲಿ ಒಂದು ಆಟೋ ಇಲ್ಲ. ಅಗೆದ ರಸ್ತೆ ನೋಡಿ ಯಾರೂ ಒಳಗೆ ಬರುತ್ತಿರಲಿಲ್ಲ. ಅಂಗಡಿಯ ಮುಂದೆ ಪೊರಕೆ ಹಿಡಿದಿದ್ದ ಗ್ರಿಲ್ಲಿನವನು ನಮ್ಮನ್ನು ನೋಡಿದ. ಒಂದು ಮಾತೂ ಕೇಳಲಿಲ್ಲ. ತನ್ನ ಗೂಡ್ಸ್ ಆಟೋ ತಿರುಗಿಸಿ ನಮ್ಮ ಗೇಟಿಗೇ ತಂದು ನಿಲ್ಲಿಸಿದ. ಮಗುವನ್ನು ಎತ್ತಿಕೊಂಡು ಮಗಳು ಮುಂದೆ ಅವನ ಪಕ್ಕ ಇರುಕಿಕೊಂಡಳು. ನಾನು ಹಿಂದೆ ಹತ್ತಿದೆ. ಯಜಮಾನರಿಗೆ ಹತ್ತಲು ಸಮಯವೇ ಸಿಗಲಿಲ್ಲ.

ಕಬ್ಬಿಣದ ಸರಳುಗಳ ಮಧ್ಯೆ ಕೂತು, ಪ್ರತಿ ಗುಂಡಿಗೂ ಎಗರಿ ಬೀಳುತ್ತಾ ಹೋದೆ. ಅಲ್ಲೊಂದು ಪೇಂಟಿನ ಡಬ್ಬಿ ಇತ್ತು. ಮುಚ್ಚಳ ಸಡಿಲವಾಗಿ ವಾಸನೆ ಬರುತ್ತಿತ್ತು. ನಾನು ಅದನ್ನು ಮೂಸಿ ನೋಡಿದೆ. ಮತ್ತೊಂದು ಸಲ ಮೂಸಿದೆ. ಕೋಣೆಯಲ್ಲಿ ನನಗೆ ಬಂದದ್ದು ಈ ವಾಸನೆ ಆಗಿರಲಿಲ್ಲ. ಹೆಸರಘಟ್ಟ ರಸ್ತೆಗೆ ಬಂದು ವಾಹನಗಳ ನಡುವೆ ಅವನು ಹಾರ್ನ್ ಒತ್ತಿಹಿಡಿದು ನುಗ್ಗುತ್ತಿರುವಾಗ, ನನ್ನ ಸೀರೆಯ ಸೆರಗನ್ನು ಮೂಗಿಗೆ ಹಿಡಿದೆ. ಬಾಚಣಿಗೆ ಸುಟ್ಟ ವಾಸನೆ ಅಲ್ಲಿತ್ತು, ನನ್ನ ಮೈಮೇಲೆ. ನಮ್ಮ ಒಲೆಯದು.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಎತ್ತಿಕೊಂಡು ಹೋದರು, ಮಗಳೂ ಹಿಂದೆಯೇ ಹೋದಳು. ಎಷ್ಟು ಹೊತ್ತಾಯಿತೋ, ಒಳಗಿನಿಂದ ಅಳು ಕೇಳಿಸಿತು. ತೆಳ್ಳನೆಯ, ಸಿಟ್ಟಿನ ಅಳು. ನಾನು ಕಾರಿಡಾರಿನ ನೆಲದ ಮೇಲೆಯೇ ಕೂತುಬಿಟ್ಟೆ. ಡಾಕ್ಟರು ಹೊರಗೆ ಬಂದು ಬಗ್ಗಿ ಕೇಳಿದರು, “ಇದಕ್ಕೆ ಸ್ವಲ್ಪ ಮುಂಚೆ ಏನ್ ಮಾಡ್ತಿದ್ರಮ್ಮ ಮಗೂಗೆ?”

“ಎರೆದು ಹೊಗೆ ಹಾಕ್ತಿದ್ವಿ.”

“ಯಾವ ಹೊಗೆ?”

ಹೇಳಿದೆ. ಸೌದೆ ಯಾವುದು ಎಂದರು. ಅದನ್ನೂ ಹೇಳಿದೆ. ಅವರು ಹಳೇ ಫೈಲು ತಿರುವಿ ನೋಡಿದರು. “ಹೋದ್ಸಲ ಕೇಳಿದ್ನಲ್ಲಮ್ಮ ನಾನು, ಸೌದೆ ಒಲೆ ಇದೆಯಾ ಅಂತ.”

“ಅಡುಗೆಗೆ ಅಂತ ಕೇಳಿದ್ರಿ” ಅಂದೆ. ಅರ್ಧ ಮಾರ್ಕಿಗೆ ಜಗಳ ಆಡುವ ವಿದ್ಯಾರ್ಥಿಯ ಹಾಗೆ. ಅಂದ ಮೇಲೆ ನಾಚಿಕೆಯಿಂದ ಸತ್ತುಹೋದೆ.

ಇದೊಂದೇ ಕಾರಣ ಎಂದು ಹೇಳಲಾಗದು, ಆದರೆ ಬಣ್ಣ, ಅಂಟು, ಹುಳು ಹಿಡಿಯದಂತೆ ಔಷಧಿ ಹೊಡೆದ ಮರದ ಹೊಗೆ ಮುಚ್ಚಿದ ಕೋಣೆಯಲ್ಲಿ ದೊಡ್ಡವರಿಗೂ ಆಗದು, ಇನ್ನೊಂದು ದಿನವೂ ಬೇಡ ಅಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ಮಗಳಿನ್ನೂ ಆಸ್ಪತ್ರೆಯಲ್ಲಿರುವಾಗ ನಾನು ಮನೆಗೆ ಬಂದು ಒಲೆಯ ಬೂದಿ ಕೆದಕಿದೆ. ಮೊಳೆಗಳು, ಕರಗಿ ಗಟ್ಟಿಯಾದ ಕಪ್ಪು ಅಂಟು, ಹಸಿರು ಪುಡಿ. ಆ ಬೂದಿಯಲ್ಲೇ ನಾನು ದೇವರ ದೀಪಗಳನ್ನು ತಿಕ್ಕಿದ್ದೆ, ತೊಳೆದ ನೀರು ಮೋರಿಗೆ ಹೋಗಿತ್ತು. ಉಳಿದ ಬೂದಿಯನ್ನು ಗೊಬ್ಬರವೆಂದು ಕರಿಬೇವಿನ ಬುಡಕ್ಕೆ ಸುರಿದಿದ್ದೆ, ಆ ಕರಿಬೇವನ್ನು ಬೀದಿಗೆಲ್ಲ ಹಂಚಿದ್ದೆ. ಹೊಗೆಯ ಕೊಳವೆ ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಕಡೆಗೇ ಬಾಯಿ ತೆರೆದುಕೊಂಡಿತ್ತು. ಗಾಳಿ, ನೀರು, ಮಣ್ಣು. ನನ್ನ ಪ್ರಬಂಧದ ವಿಧಗಳೆಲ್ಲ ಒಂದೇ ಬಚ್ಚಲಲ್ಲಿ ಸಾಲಾಗಿದ್ದವು. ಅವತ್ತಿನಿಂದ ಹಿಡಿದ ಭಯ ಬೇರೆ ಥರದ್ದು. ಮೊದಲಿನ ಭಯಕ್ಕೆ ಕಿಟಕಿ ಮುಚ್ಚಿದರೆ ಸಾಕಾಗುತ್ತಿತ್ತು.

ಉಳಿದ ಸೌದೆಯನ್ನು ಯಜಮಾನರು ಎಲ್ಲಿಗೋ ಕೊಂಡುಹೋಗಿ ಹಾಕಿದರು. ಎಲ್ಲಿಗೆ ಎಂದು ಕೇಳಲು ಧೈರ್ಯವಾಗಲಿಲ್ಲ. ಮಗಳು ಮನೆಗೆ ಬರುವಷ್ಟರಲ್ಲಿ ಒಲೆಯ ಬಾಯಿಗೆ ಇಟ್ಟಿಗೆ ಕಟ್ಟಿಸಿದ್ದೆ. ಡಾಕ್ಟರು ಹೊಗೆ ಬೇಡ ಅಂದಿದ್ದಾರೆ ಎಂದಷ್ಟೇ ಹೇಳಿದೆ. “ಪೇಂಟಿಂದಾನೇ ಇಷ್ಟೆಲ್ಲ ಆಗಿದ್ದು ಅಲ್ವಾಮ್ಮ?” ಎಂದು ಕೇಳಿದಳು. ನಾನು ಮಗುವಿನ ಬಟ್ಟೆ ಮಡಿಸುತ್ತಿದ್ದೆ. ಮಡಿಸುತ್ತಲೇ ಇದ್ದೆ. ಸುಮ್ಮನಿದ್ದದ್ದನ್ನು ಅವಳು ಹೌದು ಎಂದು ತಿಳಿದುಕೊಂಡಳು.

ಅರ್ಜಿ ವಾಪಸು ತೆಗೆದುಕೊಳ್ಳಬೇಕೆಂದು ಎರಡು ಸಲ ಸೀರೆ ಉಟ್ಟು ಹೊರಟೆ. ಯಾಕೆ ವಾಪಸು ಎಂದು ಕೇಳಿದರೆ? ಸಹಿ ಹಾಕಿದ ಹದಿಮೂರು ಮನೆಯವರು ಕೇಳಿದರೆ? ಎರಡು ಸಲವೂ ಗೇಟಿನವರೆಗೆ ಹೋಗಿ ಬಂದೆ. ತಿಂಗಳೊಳಗೆ ಯಾರೋ ಬಂದು ಅಂಗಡಿ ನೋಡಿ ಬರೆದುಕೊಂಡು ಹೋದರು. ರಗಳೆಯೇ ಬೇಡವೆಂದು ಕಟ್ಟಡದ ಓನರು ಅವನನ್ನು ಖಾಲಿ ಮಾಡಿಸಿದರು. ಸಾಮಾನು ತುಂಬುವ ದಿನ ಅವನು ನಮ್ಮ ಗೇಟಿಗೆ ಬಂದು, “ಪಾಪು ಹೇಗಿದೆ ಮಿಸ್?” ಎಂದು ಕೇಳಿದ. “ಪರವಾಗಿಲ್ಲಪ್ಪ” ಅಂದೆ. ಅದೇ ಗೂಡ್ಸ್ ಆಟೋದಲ್ಲಿ ಸರಳುಗಳನ್ನು ಹೇರಿಕೊಂಡು ಹೋದ. ಎರೆಯುವ ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳ ಹತ್ತಿರ ಸುಲಭ, ಅವಳಿಗೆ ಮೊದಲೇ ಗೊತ್ತಿತ್ತು.

ಮೊಮ್ಮಗಳಿಗೆ ಈಗ ಐದು ವರ್ಷ. ಚಳಿಗಾಲ ಬಂದರೆ ಎದೆ ಸುಯ್‌ಗುಟ್ಟುತ್ತದೆ. ಮುಖಕ್ಕೆ ಮಾಸ್ಕ್ ಹಿಡಿದು ಔಷಧಿ ಎಳೆದುಕೊಳ್ಳುವುದು ಅವಳಿಗೇ ಗೊತ್ತು, ಗೊಂಬೆಗೂ ಹಿಡಿಯುತ್ತಾಳೆ. ಅದು ಹುಟ್ಟಿನಿಂದ ಬಂದದ್ದೋ, ಊರಿನ ಗಾಳಿಯದೋ, ನನ್ನ ಒಂದು ಸೌಟು ಕೆಂಡದ್ದೋ, ಯಾವ ಡಾಕ್ಟರೂ ಹೇಳುವುದಿಲ್ಲ. ಅವಳು ನಮ್ಮ ಮನೆಗೆ ಬಂದಾಗ ನಾನು ಈಗಲೂ ಅವಳ ಉಸಿರು ಎಣಿಸುತ್ತೇನೆ.

ಕಳೆದ ತಿಂಗಳು ಮಗಳು ಬಂದಿದ್ದಳು. ಎರಡನೆಯದು, ಏಳನೇ ತಿಂಗಳು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಇಟ್ಟಿಗೆ ಕಟ್ಟಿದ ಒಲೆಯನ್ನು ನೋಡುತ್ತಾ ಅಂದಳು, “ಅಮ್ಮ, ಈ ಸಲ ಒಲೆ ತೆಗೆಸ್ತೀಯಾ? ಹಂಡೆ ನೀರು ಹುಯ್ಸಿಕೊಂಡ್ರೇನೇ ಸೊಂಟ ನಿಲ್ಲೋದು. ಪಾಪೂಗೂ ಸ್ವಲ್ಪ ಕೆಂಡದ ಕಾವು, ಸಾಂಬ್ರಾಣಿ ಇದ್ರೆ ಒಳ್ಳೇದು. ಎದುರುಗಡೆ ಅಂಗಡಿ ಹೇಗೂ ಇಲ್ವಲ್ಲ ಈಗ, ಗಾಳಿ ಚೆನ್ನಾಗಿದೆ.”

ಮೊಮ್ಮಗಳು ಕರಿಬೇವಿನ ಬುಡದಲ್ಲಿ ಮಣ್ಣು ಕೆದಕುತ್ತಿದ್ದಳು. ಕೆಲಸದ ನೆವ ಹೇಳಿ ಎದ್ದುಹೋಗಲು ಕಾಲು ತಯಾರಾಗಿತ್ತು. ಆದರೆ ಅವಳ ಹೊಟ್ಟೆ ನನ್ನ ಕಣ್ಣೆದುರಿಗೇ ಇತ್ತು. ಕೂತೆ. ಅಜ್ಜಿ ಹಸಿರು ಉರಿ ತೋರಿಸಿದ್ದರಿಂದ ಹಿಡಿದು ಅರ್ಜಿಯವರೆಗೆ, ಎಲ್ಲ ಹೇಳಿದೆ. ಮೊದಲ ಸಲ ನನ್ನ ದನಿ ಪಕ್ಕದವರಿಗೂ ಕೇಳದಷ್ಟು ಸಣ್ಣಗಿತ್ತು.

ಮಗಳು ಮಗುವನ್ನು ಕರೆದು, ಕೈಯ ಮಣ್ಣು ಕೊಡವಿ, ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ ಒಲೆಯ ಕಡೆಗೇ ನೋಡುತ್ತಾ ಹೇಳಿದಳು:

“ಆವತ್ತು ಗಾಡಿ ಓಡಿಸ್ತಾ ಅವರು ಅಳ್ತಿದ್ರು ಅಮ್ಮ. ಆಸ್ಪತ್ರೆ ತನಕ ಅಳ್ತಾನೇ ಇದ್ರು. ತಪ್ಪು ಮಾಡಿದೋನು, ಅದಕ್ಕೇ ಅಳ್ತಿದಾನೆ ಅಂದ್ಕೊಂಡು ನಾನು ಅವರ ಮುಖಾನೂ ನೋಡಲಿಲ್ಲ.”